ಹುಲ್ಲು ಹೊಡೆಯಲು ಯಾವುದು ಸರಿ: ಕುಡುಗೋಲೋ, ಪೆಟ್ರೋಲ್ ಮಷಿನ್ನೋ, ಬ್ಯಾಟರಿಯೋ?

ಮನೆಗೆ ಹೊಂದಿಕೊಂಡ ಒಂದಿಷ್ಟು ತೋಟ, ಒಂದೆರಡು ದನ, ಹಿತ್ತಿಲು, ಬೇಲಿ. ಇಷ್ಟಿರುವವರಿಗೆಲ್ಲ ನಾಲ್ಕು ಮಳೆ ಬಿದ್ದ ಕೂಡಲೇ ತಲೆಬಿಸಿ ಶುರು. ಕೂಲಿ ಏರಿದೆ, ಆಳು ಸಿಗುವುದಿಲ್ಲ, ಪೆಟ್ರೋಲ್ ದುಬಾರಿ. ಹುಲ್ಲು ಮಾತ್ರ ಇದ್ಯಾವುದನ್ನೂ ಲೆಕ್ಕಕ್ಕಿಡದೆ ಎದೆಯೆತ್ತರ ಬೆಳೆಯುತ್ತದೆ. "ಯಾವ ಮಷಿನ್ ತಗೊಳ್ಳಲಿ?" ಎಂದು ಕೇಳುವವರು ಹೆಚ್ಚಾಗಿ ಎರಡು ಕಂಪನಿಗಳ ನಡುವೆ ತೂಗಾಡುತ್ತಿರುತ್ತಾರೆ. ಕಂಪನಿಯ ಹೆಸರು ಕೊನೆಗೆ ನೋಡುವ ವಿಷಯ. ಕೊಯ್ದ ಹುಲ್ಲು ಎಲ್ಲಿಗೆ ಹೋಗುತ್ತದೆ, ವರ್ಷಕ್ಕೆ ಎಷ್ಟು ಗಂಟೆ ಕೆಲಸವಿದೆ ಎಂಬೆರಡು ಗೊತ್ತಾದರೆ ಆಯ್ಕೆ ಮುಕ್ಕಾಲು ಪಾಲು ತಾನಾಗಿಯೇ ಮುಗಿಯುತ್ತದೆ.

ಏನನ್ನು ಇಟ್ಟುಕೊಂಡು ಅಳೆಯಬೇಕು

ಮೊದಲನೆಯದು ಹುಲ್ಲಿನ ಗತಿ. ಅದು ದನದ ಬಾಯಿಗೆ ಹೋಗಬೇಕೋ, ಬಿದ್ದಲ್ಲೇ ಕೊಳೆತು ಗೊಬ್ಬರವಾಗಬೇಕೋ? ಮೇವಿಗಾದರೆ ಕೊಯ್ಯುವುದು ಅರ್ಧ ಕೆಲಸವಷ್ಟೇ. ಒಟ್ಟುಮಾಡಿ, ಹೊರೆ ಕಟ್ಟಿ, ಕೊಟ್ಟಿಗೆಗೆ ತರುವುದು ಇನ್ನರ್ಧ. ಮೊದಲರ್ಧದಲ್ಲಿ ಮಷಿನ್ ಉಳಿಸಿದ ಹೊತ್ತನ್ನು ಎಷ್ಟೋ ಸಲ ಎರಡನೆಯ ಅರ್ಧ ನುಂಗಿಹಾಕುತ್ತದೆ.

ಎರಡನೆಯದು ಗಂಟೆ. ಜಮೀನು ಎಷ್ಟು ಎಕರೆ ಎಂದು ಎಲ್ಲರೂ ಹೇಳುತ್ತಾರೆ, ವರ್ಷಕ್ಕೆ ಎಷ್ಟು ಗಂಟೆ ಹುಲ್ಲು ಹೊಡೆಯುತ್ತೀರಿ ಎಂದರೆ ಸುಮ್ಮನಾಗುತ್ತಾರೆ. ಒಂದು ಎಕರೆಯನ್ನು ವರ್ಷಕ್ಕೊಮ್ಮೆ ಸವರುವವರಿಗೂ ತಿಂಗಳಿಗೊಮ್ಮೆ ಸವರುವವರಿಗೂ ಬೇಕಾದ ಉಪಕರಣ ಬೇರೆ ಬೇರೆ. ಕಳೆದ ವರ್ಷ ಎಷ್ಟು ಸಲ, ಪ್ರತಿ ಸಲ ಎಷ್ಟು ಹೊತ್ತು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಕೂಡಿಸಿ. ಅಂಗಡಿಗೆ ಹೋಗುವ ಮುಂಚೆ ಬೇಕಾದ ಮುಖ್ಯ ಕಾಗದ ಅದು.

ಮೂರನೆಯದು ನೆಲ: ಕಲ್ಲಿದೆಯೇ, ಇಳಿಜಾರೇ, ಸಾಲುಗಳ ನಡುವೆ ಎಷ್ಟು ಸಂದಿದೆ, ಎಳೆಯ ಗಿಡಗಳಿವೆಯೇ, ಹುಲ್ಲಿನೊಳಗೆ ಹನಿ ನೀರಾವರಿಯ ಪೈಪು ಹರಿದಾಡಿದೆಯೇ. ನಾಲ್ಕನೆಯದು ಮೈ. ಬಗ್ಗಿ ಕೊಯ್ಯುವುದಕ್ಕೆ ಸೊಂಟ ಮತ್ತು ಮಂಡಿ ಬೇಕು. ಮಷಿನ್ ಹಿಡಿಯುವುದಕ್ಕೆ ಹೆಗಲು, ತೋಳು, ಕಿವಿ ಬೇಕು. ಐದನೆಯದು, ಕೆಟ್ಟಾಗ ಯಾರು ನೋಡುತ್ತಾರೆ ಎಂಬುದು. ಬಿಡಿಭಾಗ ಸಿಗದ ಒಳ್ಳೆಯ ಮಷಿನ್‌ಗಿಂತ ಬಿಡಿಭಾಗ ಸಿಗುವ ಸಾಧಾರಣ ಮಷಿನ್ ಮೇಲು.

ದುಡ್ಡಿನ ಲೆಕ್ಕಕ್ಕೆ ಒಂದು ಸುಲಭ ದಾರಿಯಿದೆ. ಬೆಲೆಯನ್ನು ಹಣದಲ್ಲಿ ನೋಡಬೇಡಿ, ನಿಮ್ಮಲ್ಲಿ ನಡೆಯುವ ಒಂದು ದಿನದ ಕೂಲಿಯಿಂದ ಭಾಗಿಸಿ. ಮಷಿನ್ ಬೆಲೆ 25 ದಿನದ ಕೂಲಿಗೆ ಸಮ ಎಂದು ಇಟ್ಟುಕೊಳ್ಳೋಣ. ವರ್ಷಕ್ಕೆ 8 ಆಳುದಿನ ಕೊಡುತ್ತಿದ್ದ ಕೆಲಸವನ್ನು ನೀವೇ ಮಷಿನ್ ಹಿಡಿದು 2 ದಿನದಲ್ಲಿ ಮುಗಿಸುತ್ತೀರಿ. ಪೆಟ್ರೋಲ್, ಆಯಿಲ್, ಬ್ಲೇಡು, ಸರ್ವಿಸ್ ಸೇರಿ ಇನ್ನೊಂದು ದಿನದ ಕೂಲಿಯಷ್ಟು ಖರ್ಚು. ನಿಮ್ಮ ಶ್ರಮಕ್ಕೂ ಕೂಲಿ ಹಿಡಿದರೆ ವರ್ಷಕ್ಕೆ 5 ದಿನ ಉಳಿತಾಯ, ಹಾಕಿದ ದುಡ್ಡು ಮರಳಲು 5 ವರ್ಷ. ನಿಮ್ಮ ಶ್ರಮ ಪುಕ್ಕಟೆ ಎಂದುಕೊಂಡರೆ ಮೂರೂವರೆ ವರ್ಷ. ಅದೇ ವರ್ಷಕ್ಕೆ 20 ಆಳುದಿನದ ಕೆಲಸವಿದ್ದು, ನಿಮ್ಮದು 5 ದಿನ, ಖರ್ಚು 3 ದಿನದ್ದಾದರೆ ಉಳಿತಾಯ 12 ದಿನ. ಎರಡು ವರ್ಷಕ್ಕೆಲ್ಲ ದುಡ್ಡು ಹುಟ್ಟಿತು. ಕೂಲಿ ಏರಿದಷ್ಟೂ ಈ ಲೆಕ್ಕ ಮಷಿನ್ ಕಡೆಗೆ ವಾಲುತ್ತದೆ, ಪೆಟ್ರೋಲ್ ಏರಿದರೆ ಸ್ವಲ್ಪವೇ ಹಿಂದೆ ಸರಿಯುತ್ತದೆ. ಹುಲ್ಲು ಹೊಡೆಯುವ ಖರ್ಚಿನಲ್ಲಿ ಇಂಧನದ ಪಾಲು ನಾವು ಗೊಣಗುವಷ್ಟು ದೊಡ್ಡದಲ್ಲ.

ಕುಡುಗೋಲು

ಇದನ್ನು ಹಳೇ ಕಾಲದ್ದು ಎಂದು ಬದಿಗಿಡುವವರು ಒಂದು ಸಂಗತಿ ಮರೆಯುತ್ತಾರೆ. ಕುಡುಗೋಲಿನಲ್ಲಿ ಒಂದು ಕೈ ಹುಲ್ಲನ್ನು ಹಿಡಿದಿರುತ್ತದೆ, ಇನ್ನೊಂದು ಕೈ ಕೊಯ್ಯುತ್ತದೆ. ಕೊಯ್ದು ಮುಗಿಯುವಾಗ ಹುಲ್ಲು ಆಗಲೇ ಹಿಡಿಹಿಡಿಯಾಗಿ ಒಂದೇ ದಿಕ್ಕಿಗೆ ಮಲಗಿರುತ್ತದೆ, ಮಣ್ಣು ಹತ್ತಿರುವುದಿಲ್ಲ, ಹೊರೆ ಕಟ್ಟಿದರೆ ಆಯಿತು. ಒಂದೆರಡು ದನಕ್ಕೆ ದಿನದಿನದ ಹಸಿಹುಲ್ಲು ಬೇಕಾದ ಮನೆಯಲ್ಲಿ ಇದನ್ನು ಮೀರಿಸುವ ಮಷಿನ್ ಇಲ್ಲ. ಸ್ಟಾರ್ಟ್ ಮಾಡಿ, ಹೊಡೆದು, ಚದುರಿದ್ದನ್ನು ಗೋರಿ ಒಟ್ಟುಮಾಡುವಷ್ಟರಲ್ಲಿ ಕುಡುಗೋಲಿನವರು ಹೊರೆ ಹೊತ್ತು ಮನೆ ಸೇರಿರುತ್ತಾರೆ.

ಕುಡುಗೋಲಿನಲ್ಲೂ ಎರಡು ಜಾತಿ. ಹಲ್ಲಿರುವುದು ಪೈರು, ಒಣಗಿದ ಗಟ್ಟಿ ದಂಟುಗಳಿಗೆ ಚೆನ್ನ. ಬಹಳ ದಿನ ಮಸೆಯದೆ ನಡೆಯುತ್ತದೆ, ಆದರೆ ಹಲ್ಲು ಸವೆದ ಮೇಲೆ ಮತ್ತೆ ಹಲ್ಲು ಎಬ್ಬಿಸುವ ಕೆಲಸ ಎಲ್ಲರಿಂದ ಆಗದು, ಹೊಸದು ತರುವುದೇ ವಾಸಿ. ನಯವಾದ ಬಾಯಿಯದು ಎಳೆಯ ಹಸಿಹುಲ್ಲಿಗೆ ಚೆನ್ನ. ಆಗಾಗ ಕಲ್ಲಿಗೆ ಮಸೆಯಬೇಕು, ಪ್ರತಿಯಾಗಿ ಅಲಗು ತೆಳುವಾಗುವ ತನಕ ಬಾಳುತ್ತದೆ. ಕೊಳ್ಳುವಾಗ ಹೊಳಪು ನೋಡಬೇಡಿ. ಅಲಗಿನ ಬಾಲ ಹಿಡಿಯೊಳಗೆ ಎಷ್ಟು ಆಳಕ್ಕೆ ಇಳಿದಿದೆ, ಹಿಡಿಯ ಬಾಯಿಗೆ ಬಳೆ ಇದೆಯೇ ಎಂದು ನೋಡಿ. ಕುಡುಗೋಲು ಕೈಕೊಡುವುದು ಹೆಚ್ಚಾಗಿ ಅಲ್ಲಿಯೇ.

ಇದರ ಬೆಲೆ ತೆರುವುದು ಮೈ. ಕುಕ್ಕರುಗಾಲಲ್ಲಿ ಕೂತೋ ಬಗ್ಗಿಯೋ ಗಂಟೆಗಟ್ಟಲೆ ಕೊಯ್ಯುವುದು ವಯಸ್ಸಾದವರಿಗೆ, ಮಂಡಿನೋವಿನವರಿಗೆ ಆಗದ ಕೆಲಸ. ಇಡೀ ತೋಟ ಸವರಲು ಇದೊಂದನ್ನೇ ನಂಬಿದರೆ ಕೊನೆಯ ಸಾಲು ಮುಗಿಯುವಾಗ ಮೊದಲ ಸಾಲು ಮತ್ತೆ ಬೆಳೆದಿರುತ್ತದೆ.

ನಿಂತು ಬೀಸುವ ಉದ್ದ ಕುಡುಗೋಲು

ಸೈಥ್ ಎಂದು ಕರೆಯುವ ಈ ಉಪಕರಣವನ್ನು ನಮ್ಮಲ್ಲಿ ಚಿತ್ರದಲ್ಲಿ ಕಂಡವರೇ ಹೆಚ್ಚು. ಆಳೆತ್ತರದ ಕಾವು, ಅದಕ್ಕೆ ಎರಡು ಹಿಡಿ, ತುದಿಯಲ್ಲಿ ತೋಳುದ್ದದ ಬಾಗಿದ ಅಲಗು. ನೆಟ್ಟಗೆ ನಿಂತು, ಅಲಗನ್ನು ನೆಲಕ್ಕೆ ಸವರಿದಂತೆ ಇಟ್ಟು, ಸೊಂಟದಿಂದ ಮೈ ತಿರುಗಿಸುತ್ತ ಬಲದಿಂದ ಎಡಕ್ಕೆ ಬೀಸುವುದು. ತೋಳಿನ ಬಲದಿಂದ ಹೊಡೆಯಲು ಹೋದರೆ ಬೇಗ ದಣಿವಾಗುತ್ತದೆ. ಪಳಗಿದವರು ಬಯಲು ಹುಲ್ಲುಗಾವಲಿನಲ್ಲಿ ದಿನಕ್ಕೆ ಎಕರೆಯಷ್ಟು ಕೊಯ್ಯುತ್ತಿದ್ದರು ಎಂಬುದು ಯುರೋಪಿನ ಹಳೆಯ ಲೆಕ್ಕ. ಹುಲ್ಲು ಎಡಬದಿಗೆ ಸಾಲಾಗಿ ಬೀಳುವುದರಿಂದ ಮೇವು ಒಟ್ಟುಮಾಡುವುದೂ ಸುಲಭ. ಮುಂಜಾನೆಯ ಇಬ್ಬನಿಯಲ್ಲಿ ಚೆನ್ನಾಗಿ ಕೊಯ್ಯುತ್ತದೆ. ಬಿಸಿಲೇರಿ ಹುಲ್ಲು ಒಣಗಿದ ಮೇಲೆ ಅಲಗಿಗೆ ಸಿಗದೆ ಬಾಗಿ ಜಾರುತ್ತದೆ.

ತೊಡಕು ಮೂರು. ಕಾವಿನ ಹಿಡಿಗಳು ನಿಮ್ಮ ಎತ್ತರಕ್ಕೆ ಸರಿಹೊಂದಬೇಕು: ಕೆಳಗಿನದು ತೊಡೆಸಂದಿನ ಮಟ್ಟಕ್ಕೆ, ಮೇಲಿನದು ಅದರಿಂದ ಒಂದು ಮೊಳ ಮೇಲಕ್ಕೆ. ಐದು ಹತ್ತು ನಿಮಿಷಕ್ಕೊಮ್ಮೆ ಒದ್ದೆ ಕಲ್ಲಿನಿಂದ ಮಸೆಯಬೇಕು, ಕೆಲವು ಗಂಟೆ ಕೊಯ್ದ ಮೇಲೆ ಚಿಕ್ಕ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಾಯಿ ತಟ್ಟಿ ತೆಳುಮಾಡಬೇಕು. ಕಲ್ಲು, ಬುಡ, ಕುಳಿ ತುಂಬಿದ ನೆಲದಲ್ಲಿ ಅಲಗಿನ ಬಾಯಿ ಉಳಿಯುವುದಿಲ್ಲ. ಬಯಲು ಜಾಗ, ಮೃದು ಹುಲ್ಲು, ಕಲಿಯುವ ತಾಳ್ಮೆ ಈ ಮೂರೂ ಇದ್ದವರಿಗೆ ಇಂಧನವಿಲ್ಲದ, ಸದ್ದಿಲ್ಲದ ಒಳ್ಳೆಯ ಉಪಕರಣ. ಒಂದು ಇಲ್ಲದಿದ್ದರೂ ಅದು ಅಟ್ಟ ಸೇರುತ್ತದೆ.

ಪೆಟ್ರೋಲ್ ಮಷಿನ್

ವೀಡ್ ಕಟರ್, ಬ್ರಷ್ ಕಟರ್ ಎಂದು ಕರೆಯುವ ಇದರ ವಿಷಯವೇ ಉದ್ದ, ಯಾಕೆಂದರೆ ಹೆಚ್ಚಿನವರು ಕೊನೆಗೆ ಬಂದು ನಿಲ್ಲುವುದು ಇಲ್ಲಿ. ತಿರುಗುವ ದಾರದಿಂದ ಹುಲ್ಲು ಕತ್ತರಿಸುವ ಉಪಾಯ ಅಂಥ ಹಳೆಯದೇನಲ್ಲ. 1971ರಲ್ಲಿ ಅಮೆರಿಕದ ಹ್ಯೂಸ್ಟನ್‌ನ ಜಾರ್ಜ್ ಬಾಲಸ್ ಎಂಬವರು ಕಾರು ತೊಳೆಯುವ ಯಂತ್ರದ ಸುತ್ತುವ ಬ್ರಷ್ಷುಗಳನ್ನು ನೋಡಿ, ಡಬ್ಬಿಯೊಂದಕ್ಕೆ ದಾರ ಸಿಕ್ಕಿಸಿ ಮಾಡಿದ ಪ್ರಯೋಗ ಅದು. ಅವರ ಸಮಸ್ಯೆ ಮರದ ಬುಡದ ಹುಲ್ಲು. ವಿಚಿತ್ರವೆಂದರೆ ಇಂದು ಎಳೆಯ ಗಿಡಗಳು ಈ ದಾರಕ್ಕೆ ಬಲಿಯಾಗುವುದು ಅದೇ ಬುಡದಲ್ಲಿ: ತೊಗಟೆ ಸುತ್ತಲೂ ಸುಲಿದುಹೋದರೆ ಗಿಡ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಒಣಗುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಎಳೆಯ ಗಿಡದ ಬುಡದ ಸುತ್ತ ಒಂದು ಗೇಣು ಕೈಯಲ್ಲೇ ಕೀಳುವುದು ಕ್ಷೇಮ.

ಟೂ ಸ್ಟ್ರೋಕೋ ಫೋರ್ ಸ್ಟ್ರೋಕೋ ಎಂಬುದು ಮೊದಲ ಕವಲು. ಟೂ ಸ್ಟ್ರೋಕ್ ಹಗುರ, ಬೆಲೆ ಕಡಿಮೆ, ಒಳಗೆ ಬಿಡಿಭಾಗಗಳು ಕಡಿಮೆ, ರಿಪೇರಿಗೆ ಹೆಚ್ಚು ಜನ ಸಿಗುತ್ತಾರೆ. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು: ಕೈಪಿಡಿಯಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಎಂದಿದ್ದರೆ 40 ಮಿಲಿ. ಅಂದಾಜಿನಲ್ಲಿ ಸುರಿಯುವವರ ಮಷಿನ್ ಪಿಸ್ಟನ್ ಹಿಡಿದುಕೊಂಡು ನಿಲ್ಲುವುದು ಇಲ್ಲಿಯೇ. ಆಯಿಲ್ ಹೆಚ್ಚಾದರೆ ಹೊಗೆ, ಪ್ಲಗ್ಗಿಗೆ ಮಸಿ. ಇದರ ಇನ್ನೊಂದು ದೋಷ, ಇಂಧನದ ಒಂದು ಪಾಲು ಸುಡದೆಯೇ ಹೊಗೆಯ ಜೊತೆ ಹೊರಬೀಳುತ್ತದೆ. ಫೋರ್ ಸ್ಟ್ರೋಕ್ ಅದೇ ಕೆಲಸಕ್ಕೆ ಕಡಿಮೆ ಪೆಟ್ರೋಲ್ ಕುಡಿಯುತ್ತದೆ, ಹೊಗೆ ಕಡಿಮೆ, ಸದ್ದಿನ ಕರ್ಕಶವೂ ಕಡಿಮೆ. ಆದರೆ ತೂಕ ಸ್ವಲ್ಪ ಜಾಸ್ತಿ, ಬೆಲೆ ಜಾಸ್ತಿ, ಆಯಿಲ್ ಬದಲಿಸುವ ಶಿಸ್ತು ಬೇಕು. 35 ಸಿಸಿ ಆಸುಪಾಸಿನ ಎಂಜಿನ್ನಿಗೆ ಸುಮಾರು 100 ಮಿಲಿ ಆಯಿಲ್ ಸಾಕು. ಹೊಸತರಲ್ಲಿ 10 ಗಂಟೆಗೆ, ಆಮೇಲೆ ಸಾಮಾನ್ಯವಾಗಿ 50 ಗಂಟೆಗೊಮ್ಮೆ ಬದಲಿಸಬೇಕು. ವರ್ಷಕ್ಕೆ 60–70 ಗಂಟೆ ದಾಟುವವರು ಹೆಚ್ಚಿನ ಬೆಲೆ ಕೊಟ್ಟು ಫೋರ್ ಸ್ಟ್ರೋಕ್ ತೆಗೆದುಕೊಂಡರೆ ಸಾರ್ಥಕ. ಇಪ್ಪತ್ತು ಮೂವತ್ತು ಗಂಟೆಯವರಿಗೆ ಟೂ ಸ್ಟ್ರೋಕೇ ಸಾಕು ಎಂಬುದು ನನ್ನ ಅಭಿಪ್ರಾಯ.

ಹೆಗಲಿಗೆ ತೂಗುಹಾಕುವುದೋ ಬೆನ್ನಿಗೆ ಕಟ್ಟುವುದೋ? ಸಮತಟ್ಟು ಜಾಗಕ್ಕೆ ಹೆಗಲಿನದು. ಎಂಜಿನ್ ಮತ್ತು ತಲೆ (ಕೋಲಿನ ತುದಿಯ ತಿರುಗುವ ಭಾಗ) ಎರಡೂ ಬದಿ ಸರಿತೂಗುತ್ತವೆ, ಬೀಸು ಸಲೀಸು. ಕಡಿದಾದ ದಿಬ್ಬ, ಬದುಗಳ ಗೋಡೆ ಸವರುವವರಿಗೆ ಬೆನ್ನಿನದು ಅನುಕೂಲ, ಕಾರಣ ಕೋಲು ಬೇಕಾದತ್ತ ತಿರುಗುತ್ತದೆ. ಅದರಲ್ಲಿ ಎಂಜಿನ್ನಿನ ಬಿಸಿ ಬೆನ್ನಿಗಿರುತ್ತದೆ, ಜಾರಿ ಬಿದ್ದರೆ ಬಿಚ್ಚಿ ಬಿಸಾಡುವುದೂ ಕಷ್ಟ.

ಮಷಿನ್ನಿನ ತಲೆಗೆ ಏನು ಹಾಕುತ್ತೀರಿ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ನೈಲಾನ್ ದಾರ ಗೋಡೆಯಂಚು, ಕಲ್ಲುಸಂದಿಗೆ ಸರಿ, ಪೈಪಿಗೆ ತಗುಲಿದರೂ ಒಮ್ಮೆಗೇ ತುಂಡರಿಸುವುದು ಕಡಿಮೆ. ಆದರೆ ಹುಲ್ಲನ್ನು ಚಿಂದಿ ಮಾಡಿ ಮಣ್ಣಿನ ಜೊತೆ ಎರಚುತ್ತದೆ, ಸವೆದ ದಾರದ ಚೂರುಗಳೂ ಅದರೊಳಗೇ ಇರುತ್ತವೆ. ದಾರದಲ್ಲಿ ಹೊಡೆದ ಹುಲ್ಲನ್ನು ದನಕ್ಕೆ ಹಾಕಬೇಡಿ. ಮೇವಿಗೆ ಮಷಿನ್ನೇ ಬೇಕೆಂದರೆ ಲೋಹದ ಬ್ಲೇಡು. ಹುಲ್ಲು ಉದ್ದಕ್ಕೆ ಕೊಯ್ದು ಬೀಳುತ್ತದೆ. ಮೂರು ಹಲ್ಲಿನದು ಎತ್ತರದ ಒರಟು ಹುಲ್ಲಿಗೆ, ಗರಗಸದಂಥ ದುಂಡು ಬ್ಲೇಡು ಪೊದೆ, ಬೆರಳುಗಾತ್ರದ ಕಾಂಡಕ್ಕೆ. ಬ್ಲೇಡು ಮೇಲಿನಿಂದ ನೋಡಿದರೆ ಎಡಸುತ್ತಾಗಿ ತಿರುಗುವುದರಿಂದ ಎಡಬದಿಯ ಅಂಚಿನಲ್ಲಿ, ಬಲದಿಂದ ಎಡಕ್ಕೆ ಬೀಸುತ್ತ ಕೊಯ್ಯಬೇಕು. ಮುಂದಿನ ಬಲ ಅಂಚು, ಗಡಿಯಾರದಲ್ಲಿ 12ರಿಂದ 3ರ ನಡುವಿನ ಭಾಗ, ಗಟ್ಟಿ ಬುಡಕ್ಕೆ ತಾಗಿದರೆ ಮಷಿನ್ ರಪ್ಪನೆ ಪಕ್ಕಕ್ಕೆ ಎಗರುತ್ತದೆ. ಸುತ್ತ 15 ಮೀಟರ್ ಒಳಗೆ ಯಾರೂ ಇರಬಾರದು ಎಂಬ ಕೈಪಿಡಿಯ ಮಾತು ಕಲ್ಲು ಸಿಡಿದ ಮೇಲೆ ಅರ್ಥವಾಗುವಂಥದ್ದಾಗಬಾರದು. ಸರಪಳಿ ತುಂಡು ಕಟ್ಟಿದ ತಲೆಗಳನ್ನು ಮಾರುವವರಿದ್ದಾರೆ. ಕೊಂಡಿ ಕಳಚಿದರೆ ಗುಂಡಿನಂತೆ ಹಾರುತ್ತದೆ. ಐರೋಪ್ಯ ಒಕ್ಕೂಟ 2012ರಲ್ಲಿ ಇವುಗಳ ಮಾರಾಟವನ್ನೇ ನಿಷೇಧಿಸಿತು.

ಕಿವಿಯ ವಿಷಯದಲ್ಲಿ ನಮ್ಮವರಿಗೆ ಉದಾಸೀನ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುವ ಮಿತಿ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬಲ್ ಏರಿದರೆ ಹೊತ್ತು ಅರ್ಧಕ್ಕಿಳಿಯುತ್ತದೆ. 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ. ಪೆಟ್ರೋಲ್ ಮಷಿನ್ ಹಿಡಿದವರ ಕಿವಿಗೆ ಬೀಳುವ ಸದ್ದು ಸುಲಭವಾಗಿ ಈ ಮಟ್ಟದಲ್ಲಿರುತ್ತದೆ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಬೂಟು, ಇವುಗಳ ದುಡ್ಡನ್ನೂ ಮಷಿನ್ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ಗಂಟೆಗಟ್ಟಲೆ ಅದುರುವ ಹಿಡಿ ಹಿಡಿದವರ ಬೆರಳು ಜೋಮು ಹಿಡಿಯುವುದು, ಚಳಿಗೆ ಬಿಳಿಚಿಕೊಳ್ಳುವುದು ಕೂಡ ರೋಗವೇ. ನಡುನಡುವೆ ನಿಲ್ಲಿಸಿ.

ಒಂದು ಮಾತು ಮರೆಯುವ ಮುನ್ನ: ಪೆಟ್ರೋಲ್ ಮಷಿನ್‌ಗಳು ಓಡಿ ಕೆಡುವುದಕ್ಕಿಂತ ಕೂತು ಕೆಡುವುದು ಹೆಚ್ಚು. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ತಿಂಗಳುಗಟ್ಟಲೆ ನಿಂತರೆ ಕಾರ್ಬುರೇಟರಿನಲ್ಲಿ ಅಂಟುಗಟ್ಟುತ್ತದೆ, ರಬ್ಬರ್ ಕೊಳವೆ ಗಟ್ಟಿಯಾಗಿ ಸೀಳುತ್ತದೆ. ಒಂದು ತಿಂಗಳಿಗೆ ಬೇಕಾದಷ್ಟೇ ಬೆರೆಸಿ. ಹಂಗಾಮು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿ ಇಡಿ.

ಬ್ಯಾಟರಿ ಮಷಿನ್

ಬ್ಯಾಟರಿಯ ಶಕ್ತಿಯನ್ನು ನೀವೇ ಲೆಕ್ಕ ಹಾಕಬಹುದು. ವೋಲ್ಟ್ ಗುಣಿಸು ಆಂಪಿಯರ್‌-ಅವರ್. 36 ವೋಲ್ಟ್, 4 ಆಂಪಿಯರ್‌-ಅವರ್ ಎಂದರೆ 144 ವಾಟ್‌-ಅವರ್, ಒಂದು ಯೂನಿಟ್ಟಿನ ಏಳನೇ ಒಂದು ಪಾಲು. ಚಾರ್ಜ್ ಮಾಡುವ ಕರೆಂಟಿನ ಖರ್ಚು ಲೆಕ್ಕಕ್ಕೇ ಬಾರದು. ಆದರೆ ದಟ್ಟ ಹುಲ್ಲಿನಲ್ಲಿ ಮಷಿನ್ 500 ವಾಟ್ ಎಳೆದರೆ ಆ ಬ್ಯಾಟರಿ 17 ನಿಮಿಷಕ್ಕೆ ಖಾಲಿ. ತೆಳು ಹುಲ್ಲಿನಲ್ಲಿ ಅದರ ಅರ್ಧ ಎಳೆದರೆ ಅರ್ಧ ಗಂಟೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ಟಿನಷ್ಟು ಶಕ್ತಿಯಿದೆ. ಚಿಕ್ಕ ಎಂಜಿನ್ ಅದರ ಏಳರಲ್ಲಿ ಒಂದು ಪಾಲನ್ನಷ್ಟೇ ಕೆಲಸಕ್ಕೆ ತಿರುಗಿಸುತ್ತದೆ ಎಂದುಕೊಂಡರೂ ಅದು ಇಂಥ ಎಂಟೊಂಬತ್ತು ಬ್ಯಾಟರಿಗೆ ಸಮ. ಅಂಗಡಿಯಲ್ಲಿ "ಪೆಟ್ರೋಲಿನಷ್ಟೇ ಪವರ್" ಎಂದಾಗ ಪವರ್ ಇರಬಹುದು, ಎಷ್ಟು ಹೊತ್ತು ಎಂದು ಕೇಳಬೇಕು.

ಹಾಗೆಂದು ತಳ್ಳಿಹಾಕುವಂತಿಲ್ಲ. ಹಗ್ಗ ಎಳೆಯಬೇಕಿಲ್ಲ, ಆಯಿಲ್ ಬೆರೆಸಬೇಕಿಲ್ಲ, ಸದ್ದು ಕಡಿಮೆ, ಆರು ತಿಂಗಳು ಮೂಲೆಯಲ್ಲಿಟ್ಟರೂ ಗುಂಡಿ ಒತ್ತಿದರೆ ಓಡುತ್ತದೆ. ಹಗ್ಗ ಎಳೆಯಲು ತೋಳಿನಲ್ಲಿ ಬಲವಿಲ್ಲದವರೂ ಹಿತ್ತಿಲು, ದಾರಿಬದಿ, ಬೇಲಿಯಂಚನ್ನು ತಾವೇ ನೋಡಿಕೊಳ್ಳಬಹುದು. ಇಂಥ ಜಾಗ ಕಾಲು ಎಕರೆಯೊಳಗಿದ್ದು ಹುಲ್ಲು ಮೊಣಕಾಲು ಮುಟ್ಟುವ ಮುಂಚೆ ಹೊಡೆಯುವ ಅಭ್ಯಾಸವಿದ್ದರೆ ನಾನು ಪೆಟ್ರೋಲಿನ ಮಾತೇ ಎತ್ತುವುದಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 2021ರಲ್ಲಿ ಕಾಯ್ದೆ ತಂದು, 2024ರ ಮಾದರಿಗಳಿಂದ ಇಂಥ ಚಿಕ್ಕ ಎಂಜಿನ್‌ಗಳ ಹೊಸ ಮಾರಾಟವನ್ನು ನಿಲ್ಲಿಸಹೊರಟದ್ದರಿಂದ ತಯಾರಕರ ಗಮನವೂ ಈ ಕಡೆ ಹರಿದಿದೆ.

ಕೊಳ್ಳುವಾಗ ಮಷಿನ್‌ಗಿಂತ ಬ್ಯಾಟರಿಯ ಬೆಲೆ ಕೇಳಿ. ಬಳಸಿದರೂ ಬಳಸದಿದ್ದರೂ ಅದಕ್ಕೆ ವಯಸ್ಸಾಗುತ್ತದೆ. ಕೆಲವು ವರ್ಷಕ್ಕೆ ಹೊಸದು ಹಾಕಿಸುವುದು ಖಂಡಿತ. ಒಂದು ಕಂಪನಿಯದು ಇನ್ನೊಂದಕ್ಕೆ ಕೂರುವುದಿಲ್ಲ. ಗರಗಸ, ಡ್ರಿಲ್ಲು ಇತ್ಯಾದಿ ಒಂದೇ ಕಂಪನಿಯದಿದ್ದು ಒಂದೇ ಬ್ಯಾಟರಿ ಎಲ್ಲಕ್ಕೂ ನಡೆದರೆ ಲೆಕ್ಕ ಗಿಟ್ಟುತ್ತದೆ. ಕೆಲಸವಿಲ್ಲದ ತಿಂಗಳುಗಳಲ್ಲಿ ಅರ್ಧ ಚಾರ್ಜಿನಲ್ಲಿ, ತಣ್ಣನೆ ಜಾಗದಲ್ಲಿಡಿ. ಬಿಸಿಲಿಗೆ ಕಾಯುವ ತಗಡಿನ ಶೆಡ್ಡಿನಲ್ಲಿ ಬೇಡ.

ಮಷಿನ್ ಸಮೇತ ಆಳು ಕರೆಸುವುದು

ವರ್ಷಕ್ಕೆ ಎರಡೇ ಸಲ ಸವರುವವರಿಗೆ ಇದೇ ಅಗ್ಗ, ಮೇಲಿನ ಲೆಕ್ಕ ಹಾಕಿದರೆ ನಿಮಗೇ ಕಾಣುತ್ತದೆ. ತೊಂದರೆಯೆಂದರೆ ನಿಮಗೆ ಬೇಕಾದ ವಾರವೇ ಎಲ್ಲರಿಗೂ ಬೇಕು. ಗಂಟೆ ಲೆಕ್ಕವೋ ಜಾಗದ ಲೆಕ್ಕವೋ, ಪೆಟ್ರೋಲ್ ಯಾರದು ಎಂದು ಮೊದಲೇ ಮಾತಾಡಿ. ಎಳೆಯ ಗಿಡಗಳಿಗೂ ಪೈಪುಗಳಿಗೂ ಮುಂಚಿತವಾಗಿ ಕೋಲು ನೆಟ್ಟು ಗುರುತು ಮಾಡಿ. ಅಕ್ಕಪಕ್ಕದ ಎರಡು ಮೂರು ಮನೆ ಸೇರಿ ಒಂದು ಮಷಿನ್ ಕೊಳ್ಳುವುದೂ ಇದೆ. ರಿಪೇರಿಯ ದುಡ್ಡು ಯಾರದು ಎಂದು ತೀರ್ಮಾನಿಸದೆ ಅದಕ್ಕೆ ಕೈಹಾಕಬೇಡಿ.

ಯಾರಿಗೆ ಯಾವುದು

ದನವಿದ್ದು ದಿನಾ ಒಂದೆರಡು ಹೊರೆ ಹುಲ್ಲು ಬೇಕಾದವರಿಗೆ ಎರಡು ಒಳ್ಳೆಯ ಕುಡುಗೋಲು, ಒಂದು ಮಸೆಗಲ್ಲು. ತೋಟವೂ ಇದ್ದರೆ ಅದನ್ನು ಸವರಲು ಮಷಿನ್ ಬೇರೆ. ಒಂದೇ ಉಪಕರಣ ಎರಡನ್ನೂ ಮಾಡಲಿ ಎಂಬ ಆಸೆಯಲ್ಲೇ ದುಡ್ಡು ಪೋಲಾಗುವುದು. ಹಿತ್ತಿಲು ಮಾತ್ರ ಇದ್ದು ಸೊಂಟ, ಮಂಡಿ ಸಹಕರಿಸದವರಿಗೆ ಬ್ಯಾಟರಿ. ಬಯಲು ಹುಲ್ಲುಗಾವಲು, ಕಲಿಯುವ ಹುಮ್ಮಸ್ಸು ಇದ್ದವರಿಗೆ ಉದ್ದ ಕುಡುಗೋಲು. ಒಂದೆರಡು ಎಕರೆಯನ್ನು ವರ್ಷಕ್ಕೆ ಮೂರು ನಾಲ್ಕು ಸಲ ಸವರುವವರಿಗೆ ಟೂ ಸ್ಟ್ರೋಕ್. ಅದಕ್ಕೂ ಹೆಚ್ಚಿದ್ದು ಸ್ವತಃ ಹೊಡೆಯುವವರಿಗೆ ಫೋರ್ ಸ್ಟ್ರೋಕ್. ವರ್ಷಕ್ಕೆ 20 ಗಂಟೆ ದಾಟದವರು ಆಳು ಕರೆಸಿ.

ಕೈ ಬಿಗಿಯಿದ್ದು ಹಳೆಯ ಪೆಟ್ರೋಲ್ ಮಷಿನ್ ನೋಡಲು ಹೋಗುವವರು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ನೋಡಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನಪಡಿ. ಎಂಜಿನ್ ನಿಲ್ಲಿಸಿ ಬ್ಲೇಡು ಕೂರುವ ತಲೆಯನ್ನು ಅಲುಗಾಡಿಸಿ, ಲಟಲಟ ಎಂದರೆ ಬೇರಿಂಗ್ ಹೋಗಿದೆ. ಹಗ್ಗ ಎಳೆಯುವಾಗ ತಡೆಯೇ ಇಲ್ಲದಂತೆ ಸಲೀಸಾಗಿ ಬಂದರೆ ಕಂಪ್ರೆಷನ್ (ಎಂಜಿನ್ನಿನೊಳಗಿನ ಒತ್ತಡ) ಇಲ್ಲ. ಇಂಧನದ ಕೊಳವೆ ಗಟ್ಟಿಯಾಗಿದ್ದರೆ ಅದು ಚಿಕ್ಕ ಖರ್ಚು, ಬೆಲೆ ಇಳಿಸಲು ಒಳ್ಳೆಯ ನೆಪ.